ವಿಲ್ಲೆಮ್ ಕಾರೆಲ್ ಡಿಕ್ಕೆ

ವಿಲ್ಲೆಮ್ ಕಾರೆಲ್ ಡಿಕ್ಕೆ (21 ಫೆಬ್ರವರಿ 1905 – 24 ಏಪ್ರಿಲ್ 1962) ನೆದರ್ಲ್ಯಾಂಡ್ಸ್ ದೇಶದ ಮಕ್ಕಳ ವೈದ್ಯರು. ಸೀಲಿಯಾಕ್ ಕಾಯಿಲೆಯುಳ್ಳ ಮಕ್ಕಳಿಗೆ ಗೋಧಿಯೇ ಹಾನಿಕರವೆಂಬುದನ್ನು ಅವರು ಕ್ರಮಬದ್ಧ ಪರೀಕ್ಷೆಗಳಿಂದ ತೋರಿಸಿಕೊಟ್ಟರು. ಇಂದು ಗ್ಲೂಟನ್ ರಹಿತ ಆಹಾರ ಎಂದು ಪ್ರಸಿದ್ಧವಾಗಿರುವ ಪಥ್ಯಕ್ಕೆ ಅವರ ಸಂಶೋಧನೆಯೇ ತಳಹದಿ. ಅವರ ಕಾಲಕ್ಕೆ ಮೊದಲು ಈ ಕಾಯಿಲೆಗೆ ಕಾರಣ ತಿಳಿದಿರಲಿಲ್ಲ. ಅದಕ್ಕೆ ಬಲಿಯಾಗುತ್ತಿದ್ದ ಮಕ್ಕಳ ಸಂಖ್ಯೆಯೂ ದೊಡ್ಡದಾಗಿತ್ತು.

ಜನನ ಮತ್ತು ಶಿಕ್ಷಣ

ಡಿಕ್ಕೆಯವರು ನೆದರ್ಲ್ಯಾಂಡ್ಸಿನ ಡಾರ್ಡ್ರೆಕ್ಟ್ ನಗರದಲ್ಲಿ ಜನಿಸಿದರು. 1922ರಿಂದ 1929ರವರೆಗೆ ಲೈಡನ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿದರು. ಆ ಬಳಿಕ ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯಲ್ಲಿ ಮಕ್ಕಳ ಚಿಕಿತ್ಸೆಯಲ್ಲಿ ವಿಶೇಷ ತರಬೇತಿ ಪಡೆದರು. 1936ರಲ್ಲಿ, ತಮ್ಮ 31ನೆಯ ವಯಸ್ಸಿನಲ್ಲಿ, ಅದೇ ಆಸ್ಪತ್ರೆಯ ವೈದ್ಯಕೀಯ ನಿರ್ದೇಶಕರಾದರು. ಅವರ ಮುಖ್ಯ ಸಂಶೋಧನೆಯ ಬಹುಭಾಗ ಈ ಆಸ್ಪತ್ರೆಯ ಮಕ್ಕಳ ನಡುವೆಯೇ ನಡೆಯಿತು.

ಸಂಶೋಧನೆಯ ಹಿನ್ನೆಲೆ

ಸೀಲಿಯಾಕ್ ಎಂಬ ಹೆಸರು ಹೊಟ್ಟೆಗೆ ಸಂಬಂಧಿಸಿದ ಗ್ರೀಕ್ ಪದದಿಂದ ಬಂದುದು. ಪ್ರಾಚೀನ ಗ್ರೀಕ್ ವೈದ್ಯ ಕಪಡೋಷಿಯಾದ ಅರೆಟೇಯಸ್ ಇಂತಹ ರೋಗವೊಂದನ್ನು ವರ್ಣಿಸಿದ್ದನು. ಆಧುನಿಕ ಕಾಲದಲ್ಲಿ ಇದರ ಸ್ಪಷ್ಟ ವಿವರಣೆಯನ್ನು 1888ರಲ್ಲಿ ಪ್ರಕಟಿಸಿದವರು ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಜೀ. ಹೊಟ್ಟೆ ಉಬ್ಬುವುದು, ಕೈಕಾಲುಗಳು ಸೊರಗುವುದು, ಬಿಳಿಚಿದ ದುರ್ವಾಸನೆಯ ಭೇದಿ ಮತ್ತು ಬೆಳವಣಿಗೆ ಕುಂಠಿತವಾಗುವುದು ಇದರ ಮುಖ್ಯ ಲಕ್ಷಣಗಳಾಗಿದ್ದವು. ರೋಗಿ ಗುಣವಾಗುವುದಾದರೆ ಅದು ಆಹಾರಕ್ರಮದಿಂದಲೇ ಎಂದು ಜೀ ಊಹಿಸಿದ್ದರು. ಡಚ್ ಕಡಲಿನ ಚಿಪ್ಪುಜೀವಿಗಳನ್ನೇ ದಿನವೂ ತಿಂದು ಚೇತರಿಸಿಕೊಂಡ ಮಗುವೊಂದು, ಅವು ಸಿಗುವ ಋತು ಮುಗಿದೊಡನೆ ಮತ್ತೆ ಕಾಯಿಲೆ ಬಿದ್ದುದನ್ನೂ ಅವರು ದಾಖಲಿಸಿದ್ದಾರೆ. ಆದರೆ ಯಾವ ಆಹಾರ ಕೆಡಕು ಮಾಡುತ್ತದೆ ಎಂಬುದು ಅವರಿಗೆ ತಿಳಿಯಲಿಲ್ಲ.

1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯವನ್ನು ಪ್ರಚಾರಕ್ಕೆ ತಂದರು. ಆ ಪಥ್ಯದಲ್ಲಿ ರೊಟ್ಟಿ, ಬಿಸ್ಕತ್ತು, ಆಲೂಗಡ್ಡೆ ಮತ್ತು ಎಲ್ಲ ಧಾನ್ಯಗಳು ವರ್ಜ್ಯವಾಗಿದ್ದವು. ಮಕ್ಕಳು ಚೇತರಿಸಿಕೊಂಡರು. ಅದು ಬಾಳೆಹಣ್ಣಿನ ಗುಣವೆಂದು ಬಹುಕಾಲ ನಂಬಲಾಯಿತು. ಬಿಟ್ಟುಬಿಟ್ಟ ಆಹಾರದ ಕಡೆಗೆ ಗಮನ ಹರಿಯಲಿಲ್ಲ. ರೋಗದ ತೀವ್ರತೆ ಹಾಗೆಯೇ ಉಳಿದಿತ್ತು. 1939ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಿಂದ ಹೊರಬಂದ 73 ರೋಗಿಗಳ ಸಮೀಕ್ಷೆಯಲ್ಲಿ ಸುಮಾರು ಶೇಕಡಾ 30ರಷ್ಟು ಮಕ್ಕಳು ಮೃತಪಟ್ಟಿದ್ದರು.

ಗೋಧಿಯ ಮೇಲಿನ ಸಂಶಯ

ಡಿಕ್ಕೆಯವರು 1934 ಮತ್ತು 1936ರ ನಡುವೆ ಗೋಧಿಯಿಲ್ಲದ ಆಹಾರದ ಪ್ರಯೋಗಗಳನ್ನು ಆರಂಭಿಸಿದರು. ತಾಯಿಯೊಬ್ಬರ ಅನುಭವ ಇದಕ್ಕೆ ಪ್ರೇರಣೆಯಾಯಿತೆಂದು ಅವರ ಜೀವನವನ್ನು ಬರೆದವರು ತಿಳಿಸುತ್ತಾರೆ. ಊಟದಿಂದ ಬ್ರೆಡ್ಡನ್ನು ತೆಗೆದಾಗ ತಮ್ಮ ಮಗುವಿನ ಆರೋಗ್ಯ ಸುಧಾರಿಸುವುದನ್ನೂ, ಮತ್ತೆ ಕೊಟ್ಟಾಗ ಕೆಡುವುದನ್ನೂ ಆ ತಾಯಿ ಗಮನಿಸಿದ್ದರು. ಬ್ರೆಡ್ ಐರೋಪ್ಯರ ನಿತ್ಯದ ಆಹಾರ. ಎಲ್ಲರ ಬಲಕ್ಕೂ ಆಧಾರವಾದ ಆಹಾರವೇ ರೋಗದ ಮೂಲವೆಂಬುದು ವೈದ್ಯರಿಗೆ ಸುಲಭವಾಗಿ ಹೊಳೆಯುವ ವಿಚಾರವಾಗಿರಲಿಲ್ಲ. ಡಿಕ್ಕೆಯವರು ಆ ಮಾತನ್ನು ತಳ್ಳಿಹಾಕದೆ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಒಳಪಡಿಸಿದರು.

1941ರಲ್ಲಿ ಅವರು ಡಚ್ ವೈದ್ಯಕೀಯ ಪತ್ರಿಕೆಯಲ್ಲಿ ಈ ರೋಗಕ್ಕೆ ಸರಳವಾದ ಪಥ್ಯವೊಂದನ್ನು ಸೂಚಿಸುವ ಲೇಖನ ಪ್ರಕಟಿಸಿದರು. ದೇಶವು ಆಗ ಜರ್ಮನ್ ಸೈನ್ಯದ ವಶದಲ್ಲಿತ್ತು. ಆಹಾರಕ್ಕೆ ಪಡಿತರ ವ್ಯವಸ್ಥೆ ಜಾರಿಯಲ್ಲಿತ್ತು. ಬಾಳೆಹಣ್ಣು ಮತ್ತು ಇತರ ಹಣ್ಣುಗಳ ಪಥ್ಯ ಅಸಾಧ್ಯವಾಗಿತ್ತು. ಆದ್ದರಿಂದ ಬ್ರೆಡ್ಡು ಮತ್ತು ರಸ್ಕುಗಳನ್ನು ಸಂಪೂರ್ಣವಾಗಿ ಬಿಟ್ಟು, ದಿನಕ್ಕೆ ಎರಡು ಬಾರಿ ಬಿಸಿ ಊಟವನ್ನೂ ಒಮ್ಮೆ ಗೋಧಿಹಿಟ್ಟು ಸೇರದ ಗಂಜಿಯನ್ನೂ ಕೊಡಬಹುದೆಂದು ಅವರು ಸಲಹೆಯಿತ್ತರು. ದುಬಾರಿ ಪಥ್ಯ ಕೈಗೆಟುಕದ ಮನೆಗಳಲ್ಲಿಯೂ ಅನುಸರಿಸಬಹುದಾದ ಕ್ರಮ ಇದಾಗಿತ್ತು.

ಹಸಿವಿನ ಚಳಿಗಾಲ

1944–45ರ ಚಳಿಗಾಲದಲ್ಲಿ ಪಶ್ಚಿಮ ನೆದರ್ಲ್ಯಾಂಡ್ಸಿಗೆ ಆಹಾರ ಸರಬರಾಜು ಬಹುಮಟ್ಟಿಗೆ ನಿಂತುಹೋಯಿತು. ಡಚ್ ಇತಿಹಾಸದಲ್ಲಿ ಇದನ್ನು ಹಸಿವಿನ ಚಳಿಗಾಲವೆಂದು ಕರೆಯುತ್ತಾರೆ. ಜನರು ಟ್ಯೂಲಿಪ್ ಗೆಡ್ಡೆಗಳನ್ನೂ ಸಕ್ಕರೆ ಬೀಟ್‌ರೂಟನ್ನೂ ತಿಂದು ಜೀವ ಹಿಡಿದುಕೊಂಡರು. ಸಾವಿರಾರು ಮಂದಿ ಮರಣ ಹೊಂದಿದರು. ಬ್ರೆಡ್ ದುರ್ಲಭವಾದ ಈ ಅವಧಿಯಲ್ಲಿ ಸೀಲಿಯಾಕ್ ಕಾಯಿಲೆಯ ಮಕ್ಕಳು ಹದಗೆಡುವ ಬದಲು ಸುಧಾರಿಸಿದರೆಂದೂ, ಯುದ್ಧಾನಂತರ ಬ್ರೆಡ್ ಮರಳಿ ಬಂದಾಗ ಮತ್ತೆ ಕಾಯಿಲೆ ಬಿದ್ದರೆಂದೂ ಹೇಳಲಾಗುತ್ತದೆ.

ಡಿಕ್ಕೆಯವರ ಸಂಶೋಧನೆ ಈ ಬರಗಾಲದಿಂದಲೇ ಹುಟ್ಟಿತೆಂಬ ಕಥೆ ಜನಪ್ರಿಯವಾಗಿದೆ. ಆದರೆ ಅವರು ಗೋಧಿಯನ್ನು ಸಂಶಯಿಸಲು ಆರಂಭಿಸಿದ್ದು ಯುದ್ಧಕ್ಕೂ ಮೊದಲು. 1941ರ ಲೇಖನವೇ ಇದಕ್ಕೆ ಸಾಕ್ಷಿ. ಬರಗಾಲವು ಅವರ ಅಭಿಪ್ರಾಯವನ್ನು ದೃಢಪಡಿಸಿತೆಂದು ಹೇಳುವುದು ಹೆಚ್ಚು ಸರಿ.

ಡಾಕ್ಟರೇಟ್ ಮಹಾಪ್ರಬಂಧ

ವೈದ್ಯರ ನಂಬಿಕೆಯನ್ನು ವಿಜ್ಞಾನದ ಪುರಾವೆಯಾಗಿ ಮಾರ್ಪಡಿಸಲು ಅಳತೆಯ ಸಾಧನ ಬೇಕಿತ್ತು. ಈ ರೋಗದಲ್ಲಿ ಕರುಳು ಕೊಬ್ಬನ್ನು ಸರಿಯಾಗಿ ಹೀರಿಕೊಳ್ಳದ ಕಾರಣ ಅದು ಮಲದಲ್ಲಿ ಹೊರಹೋಗುತ್ತದೆ. ಯುಟ್ರೆಕ್ಟ್ ನಗರದ ರಾಷ್ಟ್ರೀಯ ಪೌಷ್ಟಿಕ ಸಂಶೋಧನಾ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಜೆ. ಎಚ್. ವಾನ್ ಡಿ ಕಾಮರ್ ಮತ್ತು ಅವರ ಸಹೋದ್ಯೋಗಿಗಳು ಮಲದಲ್ಲಿರುವ ಕೊಬ್ಬನ್ನು ಶೀಘ್ರವಾಗಿ ಅಳೆಯುವ ವಿಧಾನವನ್ನು 1949ರಲ್ಲಿ ಪ್ರಕಟಿಸಿದರು. ಅದೇ ನಗರದ ವಿಲ್ಹೆಲ್ಮಿನಾ ಮಕ್ಕಳ ಆಸ್ಪತ್ರೆಯ ವೈದ್ಯ ಎಚ್. ಎ. ವೈಯರ್ಸ್ ಕೂಡ ಈ ಕಾರ್ಯದಲ್ಲಿ ಪಾಲುಗೊಂಡರು.

ಡಿಕ್ಕೆಯವರು ಕೆಲವೇ ಮಕ್ಕಳನ್ನು ದೀರ್ಘಕಾಲ ಸೂಕ್ಷ್ಮವಾಗಿ ಪರಿಶೀಲಿಸಿದರು. ಮೊದಲು ಗೋಧಿಯಿಲ್ಲದ ಆಹಾರವನ್ನು ಕೊಡುವುದು, ಬಳಿಕ ನಿಗದಿತ ಅವಧಿಗೆ ಒಂದೊಂದೇ ಧಾನ್ಯವನ್ನು ಸೇರಿಸುವುದು, ಮತ್ತೆ ಅದನ್ನು ತೆಗೆಯುವುದು ಅವರ ಕ್ರಮವಾಗಿತ್ತು. ಪ್ರತಿ ಹಂತದಲ್ಲಿಯೂ ಮಗುವಿನ ತೂಕ, ಎತ್ತರ, ಹಸಿವು ಮತ್ತು ಮಲದ ಕೊಬ್ಬನ್ನು ದಾಖಲಿಸಲಾಯಿತು. ಗೋಧಿ ಅಥವಾ ರೈ ಹಿಟ್ಟನ್ನು ಕೊಟ್ಟಾಗ ರೋಗ ಮರುಕಳಿಸುತ್ತಿತ್ತು. ಅಕ್ಕಿ ಮತ್ತು ಮೆಕ್ಕೆಜೋಳದಿಂದ ಅಂತಹ ಹಾನಿ ಕಾಣಲಿಲ್ಲ. ಈ ಫಲಿತಾಂಶಗಳನ್ನೊಳಗೊಂಡ ಮಹಾಪ್ರಬಂಧವನ್ನು ಅವರು 1950ರಲ್ಲಿ ಯುಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಡಚ್ ಭಾಷೆಯಲ್ಲಿ ಸಲ್ಲಿಸಿದರು.

ಗ್ಲೂಟನ್‌ನ ಪತ್ತೆ

ಗೋಧಿಯ ಪಿಷ್ಟ ಮಾತ್ರವನ್ನು ಕೊಟ್ಟಾಗ ಮಕ್ಕಳಿಗೆ ತೊಂದರೆಯಾಗಲಿಲ್ಲ. ಹಾಗಾಗಿ ಹಾನಿಕರವಾದ ಅಂಶ ಪಿಷ್ಟದಲ್ಲಿಲ್ಲ, ಹಿಟ್ಟಿನ ಪ್ರೋಟೀನಿನಲ್ಲಿದೆ ಎಂಬ ತೀರ್ಮಾನಕ್ಕೆ ಡಿಕ್ಕೆ, ವೈಯರ್ಸ್ ಮತ್ತು ವಾನ್ ಡಿ ಕಾಮರ್ ಬಂದರು. ಹಿಟ್ಟನ್ನು ನಾದಿದಾಗ ಅದಕ್ಕೆ ಅಂಟುಗುಣ ಕೊಡುವ ಈ ಪ್ರೋಟೀನನ್ನು ಗ್ಲೂಟನ್ ಎನ್ನುತ್ತಾರೆ. ಮದ್ಯಸಾರದಲ್ಲಿ ಕರಗುವ ಅದರ ಗ್ಲಯಡಿನ್ ಎಂಬ ಭಾಗವೇ ಮುಖ್ಯ ದೋಷಿಯೆಂದು ಮುಂದೆ ತಿಳಿದುಬಂತು. ಈ ಅಧ್ಯಯನಗಳನ್ನು ತಂಡವು 1953ರಲ್ಲಿ ಸ್ವೀಡನ್ನಿನ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಸರಣಿ ಲೇಖನಗಳಾಗಿ ಪ್ರಕಟಿಸಿತು.

ಅಷ್ಟರಲ್ಲಿ, ಡಚ್ ವೈದ್ಯರ ಕೆಲಸವನ್ನು ತಿಳಿದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಷಾರ್ಲಟ್ ಆಂಡರ್ಸನ್ ಮತ್ತು ಸಹೋದ್ಯೋಗಿಗಳು ಹಿಟ್ಟಿನ ಪಿಷ್ಟ ಹಾಗೂ ಗ್ಲೂಟನ್‌ಗಳನ್ನು ಬೇರ್ಪಡಿಸಿ ಪರೀಕ್ಷಿಸಿದ್ದರು. ಅವರ ವರದಿ 1952ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡು ದೇಶಗಳ ಫಲಿತಾಂಶಗಳು ಒಂದನ್ನೊಂದು ಸಮರ್ಥಿಸಿದವು.

ಈ ರೋಗದಲ್ಲಿ ಸಣ್ಣ ಕರುಳಿನ ಒಳಪದರದ ಬೆರಳಿನಾಕಾರದ ಸೂಕ್ಷ್ಮ ಚಾಚುಗಳು ಸವೆದುಹೋಗುತ್ತವೆ ಎಂಬುದನ್ನು 1954ರಲ್ಲಿ ಬ್ರಿಟನ್ನಿನ ವೈದ್ಯ ಜಾನ್ ಪಾಲಿ ವರದಿ ಮಾಡಿದರು. ಗ್ಲೂಟನ್‌ಗೆ ಪ್ರತಿಯಾಗಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕರುಳಿನ ಮೇಲೆ ದಾಳಿ ಮಾಡುತ್ತದೆ ಎಂಬುದು ಈಗಿನ ತಿಳಿವಳಿಕೆ.

ಕೊನೆಯ ವರ್ಷಗಳು ಮತ್ತು ಮನ್ನಣೆ

1957ರಲ್ಲಿ ಡಿಕ್ಕೆಯವರು ಯುಟ್ರೆಕ್ಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿಯೂ ವಿಲ್ಹೆಲ್ಮಿನಾ ಮಕ್ಕಳ ಆಸ್ಪತ್ರೆಯ ನಿರ್ದೇಶಕರಾಗಿಯೂ ನೇಮಕಗೊಂಡರು. ಅಲ್ಲಿ ಅವರಿಗೆ ದೊರೆತ ಅವಧಿ ಅಲ್ಪವಾಗಿತ್ತು. 1962ರ ಏಪ್ರಿಲ್ 24ರಂದು, 57ನೆಯ ವಯಸ್ಸಿನಲ್ಲಿ, ಯುಟ್ರೆಕ್ಟ್‌ನಲ್ಲಿ ನಿಧನರಾದರು. ನೆದರ್ಲ್ಯಾಂಡ್ಸಿನ ಜಠರ ಮತ್ತು ಕರುಳಿನ ರೋಗತಜ್ಞರ ಸಂಘವು ಅವರ ಗೌರವಾರ್ಥ ಡಿಕ್ಕೆ ಪದಕವನ್ನು ಸ್ಥಾಪಿಸಿದೆ.

ರೋಗದ ಬಗ್ಗೆ ಜಾಗೃತಿ ಮತ್ತು ಸಂಶೋಧನೆಗೆ ನೆರವು

ಡಿಕ್ಕೆಯವರ ಸಂಶೋಧನೆಯಿಂದ ಚಿಕಿತ್ಸೆ ದೊರೆಯಿತು; ಆದರೆ ರೋಗವನ್ನು ಗುರುತಿಸದಿದ್ದರೆ ಆ ಚಿಕಿತ್ಸೆ ರೋಗಿಯನ್ನು ತಲುಪುವುದಿಲ್ಲ. ಸೀಲಿಯಾಕ್ ಕಾಯಿಲೆ ಮಕ್ಕಳಿಗಷ್ಟೇ ಸೀಮಿತವಲ್ಲ. ವಯಸ್ಕರಲ್ಲಿ ಅದು ರಕ್ತಹೀನತೆ, ಆಯಾಸ ಅಥವಾ ಮೂಳೆಗಳ ದೌರ್ಬಲ್ಯದ ರೂಪದಲ್ಲಿ ಮಾತ್ರ ಕಾಣಿಸಿಕೊಳ್ಳಬಹುದು. ಜಗತ್ತಿನ ಜನಸಂಖ್ಯೆಯ ಸುಮಾರು ಶೇಕಡಾ 1ರಷ್ಟು ಜನರಲ್ಲಿ ಈ ಕಾಯಿಲೆ ಇದೆಯೆಂದು ಅಂದಾಜಿಸಲಾಗಿದ್ದು, ಅವರಲ್ಲಿ ಬಹುಪಾಲು ಮಂದಿಗೆ ರೋಗನಿರ್ಣಯವೇ ಆಗಿರುವುದಿಲ್ಲ.

ಈ ಕೊರತೆಯನ್ನು ತುಂಬಲು ರೋಗಿಗಳು ಮತ್ತು ಅವರ ಕುಟುಂಬದವರೇ ಹಲವು ದೇಶಗಳಲ್ಲಿ ಸಂಘಗಳನ್ನು ಕಟ್ಟಿಕೊಂಡರು. ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯ ಸ್ಥಾಪಕ ಪೀಟರ್ ಬೆನೆನ್ಸನ್ ಸ್ವತಃ ಈ ಕಾಯಿಲೆಯುಳ್ಳವರಾಗಿದ್ದರು. 1968ರಲ್ಲಿ ಬ್ರಿಟನ್ನಿನ ಸೀಲಿಯಾಕ್ ಸೊಸೈಟಿಯ ಸ್ಥಾಪನೆಯಲ್ಲಿ ಅವರು ಪ್ರಮುಖ ಪಾತ್ರ ವಹಿಸಿದರು. ಈಗ ಸೀಲಿಯಾಕ್ ಯುಕೆ ಎಂದು ಕರೆಯಲ್ಪಡುವ ಈ ಸಂಸ್ಥೆ ರೋಗಿಗಳಿಗೆ ಆಹಾರದ ಮಾಹಿತಿ ನೀಡುವುದರ ಜೊತೆಗೆ ದೇಣಿಗೆ ಸಂಗ್ರಹಿಸಿ ಸಂಶೋಧನೆಗೆ ಧನಸಹಾಯ ಮಾಡುತ್ತದೆ. ಮೇ 16ನ್ನು ಅಂತರರಾಷ್ಟ್ರೀಯ ಸೀಲಿಯಾಕ್ ದಿನವಾಗಿ ಆಚರಿಸಲಾಗುತ್ತದೆ. ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಜೀ ಅವರ ಜನ್ಮದಿನವಾದ ಸೆಪ್ಟೆಂಬರ್ 13 ಜಾಗೃತಿ ದಿನವಾಗಿದೆ.

ಭಾರತದಲ್ಲಿ ಗೋಧಿ ಮುಖ್ಯ ಆಹಾರವಾಗಿರುವ ಉತ್ತರದ ರಾಜ್ಯಗಳಲ್ಲಿ ಈ ಕಾಯಿಲೆ ಹೆಚ್ಚು. ದಕ್ಷಿಣದಲ್ಲಿ ಗಣನೀಯವಾಗಿ ಕಡಿಮೆ. ಕರ್ನಾಟಕದ ಸಾಂಪ್ರದಾಯಿಕ ಆಹಾರಗಳಾದ ರಾಗಿ, ಜೋಳ, ನವಣೆ ಮತ್ತು ಅಕ್ಕಿಗಳಲ್ಲಿ ಗ್ಲೂಟನ್ ಇರುವುದಿಲ್ಲ. ಚಪಾತಿ, ಮೈದಾದ ತಿನಿಸು, ಗೋಧಿರವೆಯ ಉಪ್ಪಿಟ್ಟು, ಶ್ಯಾವಿಗೆಗಳಲ್ಲಿ ಅದು ಇರುತ್ತದೆ. ಮಾರುಕಟ್ಟೆಯಲ್ಲಿ ದೊರೆಯುವ ಇಂಗಿನಲ್ಲಿಯೂ ಗೋಧಿಹಿಟ್ಟು ಬೆರೆತಿರುವುದು ಸಾಮಾನ್ಯವಾದ್ದರಿಂದ ರೋಗಿಗಳು ಪೊಟ್ಟಣದ ಮೇಲಿನ ವಿವರವನ್ನು ಓದಿ ಕೊಳ್ಳಬೇಕಾಗುತ್ತದೆ. ಪರೀಕ್ಷೆಗೆ ಮೊದಲೇ ಗೋಧಿಯನ್ನು ಬಿಟ್ಟರೆ ರಕ್ತಪರೀಕ್ಷೆ ಮತ್ತು ಕರುಳಿನ ಪರೀಕ್ಷೆಗಳಲ್ಲಿ ರೋಗ ಮರೆಯಾಗುವ ಸಂಭವವಿದೆ. ಆದ್ದರಿಂದ ವೈದ್ಯರ ಸಲಹೆಯಿಲ್ಲದೆ ಈ ಪಥ್ಯವನ್ನು ಆರಂಭಿಸಬಾರದು.

ಈ ಕಾಯಿಲೆಯನ್ನು ಪೂರ್ಣವಾಗಿ ಗುಣಪಡಿಸುವ ಔಷಧಿ ಇನ್ನೂ ದೊರೆತಿಲ್ಲ. ಪರ್ಯಾಯ ಚಿಕಿತ್ಸೆಗಳಿಗಾಗಿ ಸಂಶೋಧನೆಗಳು ನಡೆಯುತ್ತಿವೆ. ಜೀವನಪರ್ಯಂತ ಗ್ಲೂಟನ್ ರಹಿತ ಆಹಾರವನ್ನು ಅನುಸರಿಸುವುದು, ಅಂದರೆ ಡಿಕ್ಕೆಯವರು ತೋರಿಸಿದ ದಾರಿಯೇ, ಇಂದಿಗೂ ಇದರ ಮುಖ್ಯ ಚಿಕಿತ್ಸೆಯಾಗಿದೆ.