ಎಣಿಕೆಗೆ ತಡವಾಗಿ ಸಿಕ್ಕ ಶಂಭುನಾಥ ಡೇ

ರಾಬರ್ಟ್ ಕಾಖ್ ಕಲ್ಕತ್ತೆಗೆ ಬಂದು 1884ರಲ್ಲಿ ಕಾಲರಾ ಬ್ಯಾಕ್ಟೀರಿಯಾವನ್ನು ಪ್ರತ್ಯೇಕಿಸಿದ ಸಂಗತಿ ಅನೇಕರಿಗೆ ಗೊತ್ತು. ಆ ರೋಗಾಣು ಮನುಷ್ಯನನ್ನು ಹೇಗೆ ಕೊಲ್ಲುತ್ತದೆ ಎಂಬುದನ್ನು ಅದೇ ನಗರದಲ್ಲಿ, 75 ವರ್ಷಗಳ ನಂತರ ತೋರಿಸಿಕೊಟ್ಟ ಶಂಭುನಾಥ ಡೇ ಅವರ ಹೆಸರು ಮಾತ್ರ ವಿಜ್ಞಾನ ವಲಯದಾಚೆಗೆ ಅಷ್ಟಾಗಿ ಹರಡಲಿಲ್ಲ. ವಿಜ್ಞಾನಿಯ ಪ್ರಬಂಧಗಳೆಷ್ಟು, ಅವುಗಳನ್ನು ಇತರರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕದ ಮೇಲೆ ನೇಮಕಾತಿ, ಬಡ್ತಿ, ಅನುದಾನಗಳು ನಿಂತಿರುವ ಈ ಕಾಲದಲ್ಲಿ ಅವರ ಬದುಕನ್ನು ಮತ್ತೊಮ್ಮೆ ನೋಡಬೇಕು.

ಡೇ ಹುಟ್ಟಿದ್ದು 1915ರ ಫೆಬ್ರುವರಿ 1ರಂದು, ಬಂಗಾಳದ ಹೂಗ್ಲಿ ಜಿಲ್ಲೆಯಲ್ಲಿ. ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಓದಿ 1939ರಲ್ಲಿ ವೈದ್ಯರಾದರು. 1947ರಲ್ಲಿ ಲಂಡನ್ನಿಗೆ ತೆರಳಿ, ಖ್ಯಾತ ರೋಗಶಾಸ್ತ್ರಜ್ಞ ರಾಯ್ ಕ್ಯಾಮರಾನ್ ಅವರ ಬಳಿ ಸಂಶೋಧನೆ ನಡೆಸಿ, 1949ರಲ್ಲಿ ಪಿಎಚ್.ಡಿ. ಪಡೆದು ಮರಳಿದರು. ಕಲ್ಕತ್ತೆಯ ಆಸ್ಪತ್ರೆಗಳಲ್ಲಿ ಕಾಲರಾ ರೋಗಿಗಳಿಗೇನೂ ಕೊರತೆ ಇರಲಿಲ್ಲ.

ಕಾಲರಾ ವಿಷ ರಕ್ತಕ್ಕಿಳಿದು ದೇಹವನ್ನೆಲ್ಲ ಕೆಡಿಸುತ್ತದೆ ಎಂಬ ನಂಬಿಕೆಯಿಂದ ಸಂಶೋಧಕರು ರೋಗಾಣುವನ್ನು ಪ್ರಾಣಿಗಳ ರಕ್ತಕ್ಕೋ ಉದರಕ್ಕೋ ಚುಚ್ಚುತ್ತಿದ್ದರು. ಡೇ ಅವರ ಕಣ್ಣು ಬಿದ್ದದ್ದು ಕರುಳಿನ ಮೇಲೆ. ಮೊಲದ ಸಣ್ಣಕರುಳಿನ ಒಂದು ತುಣುಕನ್ನು ಎರಡೂ ತುದಿಯಲ್ಲಿ ದಾರದಿಂದ ಕಟ್ಟಿ, ಅದರೊಳಗೆ ರೋಗಾಣುಗಳನ್ನು ಬಿಟ್ಟರು. ಮರುದಿನ ಆ ತುಣುಕು ನೀರು ತುಂಬಿ ಊದಿಕೊಂಡಿತ್ತು. ಇದು 1953ರ ಪ್ರಬಂಧ. ಇದೇ ಬಗೆಯ ಪ್ರಯೋಗವನ್ನು ಅವರು ಹುಟ್ಟಿದ ವರ್ಷವೇ ಇಬ್ಬರು ಸಂಶೋಧಕರು ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದ್ದರೂ ಅದು ಮೂಲೆಗೆ ಸರಿದುಹೋಗಿತ್ತು. 1959ರಲ್ಲಿ ಡೇ ಇನ್ನೊಂದು ಹೆಜ್ಜೆ ಮುಂದಿಟ್ಟರು: ಬ್ಯಾಕ್ಟೀರಿಯಾಗಳನ್ನು ಸೋಸಿ ತೆಗೆದ ದ್ರವವನ್ನಷ್ಟೇ ಹಾಕಿದರೂ ಕರುಳು ಊದಿತು. ಕೊಲ್ಲುವುದು ರೋಗಾಣು ಸ್ರವಿಸುವ ವಿಷ, ಅದರ ಗುರಿ ಕರುಳಿನ ಜೀವಕೋಶ ಎಂಬುದು ಸಾಬೀತಾಯಿತು. ಮೇ 30ರ ‘ನೇಚರ್’ ಪತ್ರಿಕೆಯಲ್ಲಿ ಬಂದ ಆ ಪ್ರಬಂಧ ಎರಡು ಪುಟವನ್ನೂ ಮೀರದು. ಲೇಖಕರು ಡೇ ಒಬ್ಬರೇ.

ಅದನ್ನು ಆಗ ಗಮನಿಸಿದವರು ಕಡಿಮೆ. ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸುವ ಕೆಲಸ ಕಲ್ಕತ್ತೆಯಲ್ಲಿ ಆಗಲಿಲ್ಲ, ಅಮೆರಿಕದಲ್ಲಿ 1969ರಲ್ಲಿ ಆಯಿತು. ಬಳಿಕ ಹಾದಿ ತೆರೆಯಿತು. ವಿಷದ ಒಂದು ಭಾಗ ಜೀವಕೋಶದ ಪೊರೆಗೆ ಅಂಟಿಕೊಳ್ಳುತ್ತದೆ, ಇನ್ನೊಂದು ಭಾಗ ಒಳನುಗ್ಗಿ ಜಿ-ಪ್ರೋಟೀನ್ ಎಂಬ ಸಂಜ್ಞಾವಾಹಕವನ್ನು ಸದಾ ಚಾಲೂ ಸ್ಥಿತಿಯಲ್ಲಿಡುತ್ತದೆ, ಕೋಶ ಲವಣವನ್ನೂ ನೀರನ್ನೂ ಹೊರಚೆಲ್ಲುತ್ತದೆ. ಇಂದು ಜೀವಕೋಶಗಳ ಪೊರೆಯನ್ನು ಗುರುತಿಸಲು, ನರತಂತುಗಳ ಜಾಡು ಹಿಡಿಯಲು ಇದೇ ವಿಷದ ನಿರಪಾಯಕಾರಿ ತುಣುಕು ಪ್ರಯೋಗಾಲಯಗಳ ನಿತ್ಯದ ಸಾಧನ. ಹೀಗೆ ಬಳಸುವವರು 1959ರ ಪ್ರಬಂಧವನ್ನು ಉಲ್ಲೇಖಿಸುವ ಗೋಜಿಗೆ ಹೋಗಬೇಕಿಲ್ಲ. ಸರ್ವವಿದಿತವಾದುದಕ್ಕೆ ಆಧಾರ ಕೊಡುವವರು ಯಾರು? ಎಣಿಕೆಯ ಈ ದೌರ್ಬಲ್ಯವನ್ನು ನಮ್ಮ ಆಯ್ಕೆ ಸಮಿತಿಗಳು ಗಣನೆಗೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಡೇ 1973ರಲ್ಲಿ ನಿವೃತ್ತರಾದರು. ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ, ದೊಡ್ಡ ಪ್ರಶಸ್ತಿಯೂ ಬರಲಿಲ್ಲ. ನೊಬೆಲ್ ಪುರಸ್ಕೃತ ಜೋಷುವಾ ಲೆಡರ್‌ಬರ್ಗ್ ಮಾತ್ರ ಒಂದಕ್ಕಿಂತ ಹೆಚ್ಚು ಬಾರಿ ಅವರ ಹೆಸರನ್ನು ನೊಬೆಲ್‌ಗೆ ಸೂಚಿಸಿದ್ದರು. 1978ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರ ಸಂಕಿರಣಕ್ಕೆ ಸ್ವೀಡನ್ನಿನಿಂದ ಆಹ್ವಾನ ಬಂತು. 1985ರ ಏಪ್ರಿಲ್ 15ರಂದು ಅವರು ತೀರಿಕೊಂಡರು.

ಮರುವರ್ಷ, ವಿಜ್ಞಾನ ಉಲ್ಲೇಖಗಳ ಸೂಚಿಯನ್ನು ರೂಪಿಸಿದ ಯೂಜೀನ್ ಗಾರ್ಫೀಲ್ಡ್ ತಮ್ಮ ದತ್ತಾಂಶದ ನೆರವಿನಿಂದ ಕಾಲರಾ ಸಂಶೋಧನೆಯ ನಕ್ಷೆ ಬಿಡಿಸಿ, ಅದರಲ್ಲಿ ಡೇ ಅವರ ಸ್ಥಾನವನ್ನು ವಿವರಿಸಿ ಲೇಖನ ಬರೆದರು. ನಮ್ಮ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ 1990ರ ಜುಲೈನಲ್ಲಿ ಡೇ ಅವರಿಗೆಂದೇ ವಿಶೇಷ ಸಂಚಿಕೆ ತಂದಿತು. ಅವರನ್ನು ಆಯ್ದುಕೊಳ್ಳದ ಅಕಾಡೆಮಿಗಳ ವಿಚಾರವೂ ಅದರಲ್ಲಿ ಪ್ರಸ್ತಾಪವಾಯಿತು.