ಬೆಂಜಮಿನ್ ರಾಬಿನ್ಸ್

ಪುಣೆಯಲ್ಲಿ ಓದುವ ನಮಗೆ ಖಡಕಿಯು ಹೊಸ ಊರಲ್ಲ. ಅಲ್ಲಿ 1869ರಲ್ಲಿ ಸ್ಥಾಪಿತವಾದ ಮದ್ದುಗುಂಡಿನ ಕಾರಖಾನೆಯನ್ನೂ ನಾವು ಬಲ್ಲೆವು. ಆದರೆ ಬಂದೂಕಿನ ಗುಂಡು ಗುರಿಗೆ ನೆಟ್ಟಗೆ ಹಾರುವುದು ಹೇಗೆಂಬುದನ್ನು ಪ್ರಯೋಗದಿಂದ ತಿಳಿಸಿಕೊಟ್ಟವರಲ್ಲಿ ಮೊದಲಿಗನಾದ ರಾಬಿನ್ಸನು ನಮ್ಮ ದೇಶದಲ್ಲಿಯೇ ಮಡಿದನೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು.

ಇವನು 1707ರಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ, ಬಡ ಕ್ವೇಕರ್ ಮನೆತನದಲ್ಲಿ ಜನಿಸಿದನು. ಕ್ವೇಕರರು ಯುದ್ಧವನ್ನೇ ಒಲ್ಲದವರು. ಅವರ ಮನೆಯ ಹುಡುಗನು ತೋಪು ಬಂದೂಕುಗಳ ಶಾಸ್ತ್ರವನ್ನು ಬರೆದುದು ಸೋಜಿಗವೇ ಸರಿ. ಗಣಿತದಲ್ಲಿ ಅಸಾಧಾರಣ ಬುದ್ಧಿಯಿದ್ದ ಇವನನ್ನು 1727ರಲ್ಲಿಯೇ ರಾಯಲ್ ಸೊಸೈಟಿಯು ಸದಸ್ಯನನ್ನಾಗಿ ಆರಿಸಿತು.

1742ರಲ್ಲಿ ಇವನ ಮುಖ್ಯ ಗ್ರಂಥವು ಪ್ರಕಟವಾಯಿತು. ತೂಗುಹಾಕಿದ ಭಾರವಾದ ಲೋಲಕಕ್ಕೆ ಗುಂಡನ್ನು ಹೊಡೆದು, ಅದು ಎಷ್ಟು ಹಿಂದಕ್ಕೆ ತೂಗಿತೆಂಬುದರಿಂದ ಗುಂಡಿನ ವೇಗವನ್ನು ಇವನು ಲೆಕ್ಕಹಾಕಿದನು. ವೇಗವಾಗಿ ಹಾರುವ ಗುಂಡನ್ನು ಗಾಳಿಯು ಅದರ ತೂಕದ ಸುಮಾರು 120 ಪಟ್ಟು ಬಲದಿಂದ ತಡೆಯುವುದೆಂದು ಕಂಡುಬಂದಿತು. ಬರಿಯ ಗಾಳಿ!

ಆದರೆ ಗುಂಡುಗಳು ಅತ್ತಿತ್ತ ಓಲುವುದೇಕೆ? ಅವು ಸುತ್ತುವುದರಿಂದ, ಎಂದು ರಾಬಿನ್ಸನ ಮತ. 1745ರಲ್ಲಿ ಆ ಗ್ರಂಥವನ್ನು ಜರ್ಮನ್ ಭಾಷೆಗೆ ತಂದ ಮಹಾಗಣಿತಜ್ಞ ಆಯ್ಲರನು ಇದನ್ನೊಪ್ಪದೆ, ಗುಂಡು ಸರಿಯಾಗಿ ದುಂಡಾಗಿಲ್ಲದುದೇ ಕಾರಣವೆಂದನು. ರಾಬಿನ್ಸನಾದರೋ ವಾದಕ್ಕಿಂತ ಪ್ರಯೋಗವನ್ನೇ ನೆಚ್ಚಿದವನು. ನಳಿಗೆಯ ತುದಿಯನ್ನು ತುಸು ಎಡಕ್ಕೆ ಬಾಗಿಸಿ, ಎದುರಿಗೆ ತೆಳುಕಾಗದದ ತೆರೆಗಳನ್ನು ಸಾಲಾಗಿ ಕಟ್ಟಿ ಗುಂಡು ಹಾರಿಸಿದನು. ತೂತುಗಳನ್ನು ನೋಡಿದರೆ, ಮೊದಲು ಎಡಕ್ಕೆ ಹೋದ ಗುಂಡು ಬಳಿಕ ಬಲಕ್ಕೆ ತಿರುಗಿದ್ದಿತು! ನಳಿಗೆಯ ಬಲಮಗ್ಗುಲನ್ನು ಉಜ್ಜಿ ಸುತ್ತತೊಡಗಿದ ಗುಂಡನ್ನು ಗಾಳಿಯೇ ಪಕ್ಕಕ್ಕೆ ತಳ್ಳಿತ್ತು. ಕ್ರಿಕೆಟ್ ಆಡುವ ನಮ್ಮ ಗೆಳೆಯರು ಇದನ್ನು ಬೇಗನೆ ಅರಿತಾರು.

ನುಣುಪು ನಳಿಗೆಯಲ್ಲಿ ಗುಂಡು ಯಾವ ಮಗ್ಗುಲನ್ನು ಉಜ್ಜೀತೆಂದು ಹೇಳಲಾಗದು. ನಳಿಗೆಯೊಳಗೆ ಸುರುಳಿಯಾಗಿ ಗೀರುಗಳನ್ನು ಕೊರೆದರೆ, ಗುಂಡು ತಾನು ಹಾರುವ ದಿಕ್ಕನ್ನೇ ಅಚ್ಚಾಗಿ ಮಾಡಿಕೊಂಡು ಸುತ್ತುವುದು; ಆಗ ಗಾಳಿಗೆ ಎಡಬಲಗಳ ಭೇದವಿಲ್ಲ. ರೈಫಲ್ ಎಂಬ ಹೆಸರು ಬಂದುದು ಈ ಗೀರುಗಳಿಂದಲೇ. ಅಂತಹ ಬಂದೂಕುಗಳು ಹಿಂದೆಯೇ ಇದ್ದವು. ಅವುಗಳ ಮರ್ಮವನ್ನು 1747ರಲ್ಲಿ ರಾಬಿನ್ಸನು ವಿವರಿಸಿ, ಇವನ್ನು ಮೊದಲು ಕೈಗೊಂಡ ದೇಶವೇ ಮೇಲಾಗುವುದೆಂದು ಎಚ್ಚರಿಸಿದನು.

1749ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ತನ್ನ ಕೋಟೆಗಳ ದುರಸ್ತಿಗಾಗಿ ಇವನನ್ನು ನೇಮಿಸಿತು. ಕಡಲೂರಿನ ಸೇಂಟ್ ಡೇವಿಡ್ ಕೋಟೆಗೆ ಬಂದವನು, ಜ್ವರದಿಂದ ನರಳಿ 1751ರ ಜುಲೈ 29ರಂದು ತೀರಿಕೊಂಡನು. ಆಗ ಇವನಿಗೆ ವಯಸ್ಸು ನಾಲ್ವತ್ತನಾಲ್ಕು.

1817ರ ನವೆಂಬರ್ 5ರಂದು ನಮ್ಮ ಖಡಕಿಯ ಬಯಲಿನಲ್ಲಿ ಪೇಶವೆಯ ದಂಡನ್ನು ಎದುರಿಸಿದ ಕಂಪನಿಯ ಸಿಪಾಯಿಗಳ ಕೈಯಲ್ಲಿದ್ದುದು ಇನ್ನೂ ನುಣುಪು ನಳಿಗೆಯ ಬಂದೂಕುಗಳೇ! ಗೀರಿನ ನಳಿಗೆಯಲ್ಲಿ ಗುಂಡನ್ನು ಬಡಿದು ಬಡಿದು ಇಳಿಸಬೇಕಾಗಿದ್ದುದರಿಂದ ಸೈನ್ಯಗಳು ಅದನ್ನು ಒಲ್ಲದೆ ಹೋಗಿದ್ದವು. 1849ರಲ್ಲಿ ಫ್ರಾನ್ಸಿನ ಮಿನಿಯೆ ಎಂಬವನು, ಸಲೀಸಾಗಿ ಇಳಿದು ಹಾರುವಾಗ ಬುಡವರಳಿ ಗೀರುಗಳನ್ನು ಹಿಡಿಯುವ ಸೀಸದ ಗುಂಡನ್ನು ಮಾಡಿದ ಮೇಲೆ ಆ ತೊಡಕು ಬಿಟ್ಟಿತು. ಖಡಕಿಯಲ್ಲಿ ಕಾರಖಾನೆ ತಲೆಯೆತ್ತುವ ಹೊತ್ತಿಗೆ ದೊಡ್ಡ ಸೈನ್ಯಗಳೆಲ್ಲ ಸುರುಳಿಗೀರಿನ ನಳಿಗೆಗೆ ಹೊರಳಿದ್ದವು.