ಐಫೆಲ್, ರಿವೆಟ್ಟು, ಮತ್ತೆ ಸಂದಿಗೆ ಇಳಿಯೋ ನೀರು

ಗುಸ್ತಾವ್ ಐಫೆಲ್ ಅಂದ ತಕ್ಷಣ ಪ್ಯಾರಿಸ್ಸಿನ ಟವರ್ ಕಣ್ಮುಂದೆ ಬರುತ್ತೆ. ಆದ್ರೆ ಈ ಮನುಷ್ಯ ಓದಿದ್ದು ಕೆಮಿಸ್ಟ್ರಿ ಅಂತ ಎಷ್ಟು ಜನಕ್ಕೆ ಗೊತ್ತು? ಹುಟ್ಟಿದ್ದು 1832ರ ಡಿಸೆಂಬರ್ 15, ಫ್ರಾನ್ಸಿನ ದಿಜೋನ್ ಊರಲ್ಲಿ. ಬಯಸಿದ್ದ ಪಾಲಿಟೆಕ್ನಿಕ್‌ನಲ್ಲಿ ಸೀಟು ಸಿಗಲಿಲ್ಲ (ನಮ್ಮಲ್ಲಿ ಕೆಲವರಿಗೆ ಇದನ್ನ ಓದಿ ಸ್ವಲ್ಪ ಸಮಾಧಾನ ಆಗಬಹುದು!). ಬೇರೆ ಕಾಲೇಜು ಸೇರಿ 1855ರಲ್ಲಿ ಓದು ಮುಗಿಸಿದ. ಸಂಬಂಧಿಕರ ವಿನೆಗರ್ ಫ್ಯಾಕ್ಟರಿ ಸೇರಬೇಕಿತ್ತು, ಮನೆಯವರ ಜಗಳದಲ್ಲಿ ಅದು ತಪ್ಪಿಹೋಯ್ತು. ಹಾಗಾಗಿ ಕಬ್ಬಿಣದ ಕೆಲಸಕ್ಕೆ ಬಂದ. 26 ದಾಟೋ ಮೊದಲೇ ಬೋರ್ಡೋ ಊರಿನ ರೈಲ್ವೆ ಸೇತುವೆ ಕಟ್ಟೋ ಹೊಣೆ ಅವನ ಕೈಗೆ ಬಂತು. ಆಮೇಲೆ ಸ್ವಂತ ಕಂಪನಿ, ಪೋರ್ಚುಗಲ್‌ನ ಪೋರ್ಟೋದಲ್ಲಿ ದೊಡ್ಡ ಕಮಾನು ಸೇತುವೆ, ಗರಾಬಿ ಸೇತುವೆ.

ಇಂಥ ಕಟ್ಟಡಗಳಲ್ಲಿ ನಾವು ಲೋಡ್ ಬಗ್ಗೆ ಪೇಜ್‌ಗಟ್ಟಲೆ ಲೆಕ್ಕ ಮಾಡ್ತೀವಿ. ಸಂದಿಗೆ ಇಳಿಯೋ ನೀರಿನ ಲೆಕ್ಕ ಮಾತ್ರ ಯಾರೂ ಮಾಡಲ್ಲ. ಎರಡು ಪ್ಲೇಟ್ ಸೇರೋ ಕಡೆ ಕೂದಲೆಳೆಯಷ್ಟು ಸಂದಿ ಇದ್ರೂ ಸಾಕು, ನೀರು ತಾನಾಗೇ ಒಳಗೆ ಎಳ್ಕೊಳ್ಳುತ್ತೆ, ಬೇಗ ಒಣಗಲ್ಲ. ತುಕ್ಕು ಹಿಡಿಯುತ್ತೆ. ತುಕ್ಕಿಗೆ ಬೇಕಾದ ಜಾಗ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಸ್ತಿ, ಅದು ಪ್ಲೇಟ್‌ಗಳನ್ನ ದೂರ ತಳ್ಳುತ್ತೆ. ಚಳಿ ದೇಶದಲ್ಲಿ ಇನ್ನೂ ಒಂದು ಕಾಟ: ನೀರು ಹೆಪ್ಪುಗಟ್ಟಿದ್ರೆ ಸುಮಾರು 9% ಹಿಗ್ಗುತ್ತೆ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗಿ, ಸಂದಿ ಅಗಲ ಆಗ್ತಾ ಹೋಗುತ್ತೆ. ಮುಂದಿನ ಮಳೆಗೆ ಇನ್ನೂ ಜಾಸ್ತಿ ನೀರು ಒಳಗೆ.

1887ರಿಂದ 1889ರವರೆಗೆ ಕಟ್ಟಿದ ಟವರ್‌ನಲ್ಲಿ ಸುಮಾರು 18,000 ಬಿಡಿಭಾಗ, 25 ಲಕ್ಷ ರಿವೆಟ್ ಇವೆ. (ಅದು ಸ್ಟೀಲ್ ಅಲ್ಲ ಮಾರಾಯ್ರೇ, ಮೆದು ಕಬ್ಬಿಣ. ಮೊದಲ ಐಡಿಯಾ ಕೂಡ ಅವನ ಕಂಪನಿಯ ಕೆಶ್ಲಿನ್, ನೂಗಿಯೇ ಅನ್ನೋ ಎಂಜಿನಿಯರ್‌ಗಳದ್ದು.) ರಿವೆಟ್‌ನ ಕೆಂಪಗೆ ಕಾಯಿಸಿ ತೂತಿಗೆ ಹಾಕಿ ಬಡೀತಿದ್ರು. ಅದು ತಣ್ಣಗಾಗ್ತಾ ಕುಗ್ಗಿ ಪ್ಲೇಟ್‌ಗಳನ್ನ ಬಿಗಿಯಾಗಿ ಹಿಡಿಯುತ್ತೆ, ಸಂದಿ ಮುಚ್ಚುತ್ತೆ. ಒಂದು ರಿವೆಟ್‌ಗೆ ನಾಲ್ಕು ಜನ! ಅದರ ಮೇಲೆ ಪೇಂಟ್. ಲೋಹದ ಕಟ್ಟಡ ಉಳಿಯೋದು ಪೇಂಟ್‌ನಿಂದಲೇ ಅಂತ 1900ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಐಫೆಲ್ ಖಡಾಖಂಡಿತವಾಗಿ ಬರೆದ. ಟವರ್‌ಗೆ ಸಿಕ್ಕಿದ್ದ ಪರ್ಮಿಷನ್ 20 ವರ್ಷದ್ದು ಮಾತ್ರ, ಆಮೇಲೆ ಬಿಚ್ಚಬೇಕಿತ್ತು. ಅದನ್ನ ಉಳಿಸಿದ್ದು ವೈರ್‌ಲೆಸ್. ಆದ್ರೆ ಸುಮಾರು ಏಳು ವರ್ಷಕ್ಕೊಮ್ಮೆ ಬ್ರಷ್ ಹಿಡಿದು ಹತ್ತಿದ ಪೇಂಟರ್‌ಗಳಿಲ್ಲದಿದ್ರೆ ಉಳಿಸೋಕೆ ಏನಿರ್ತಿತ್ತು?

ಪನಾಮಾ ಕಾಲುವೆ ಹಗರಣದಲ್ಲಿ 1893ರಲ್ಲಿ ಐಫೆಲ್‌ಗೆ ಎರಡು ವರ್ಷ ಜೈಲು ಶಿಕ್ಷೆ ಆಯ್ತು, ಮೇಲಿನ ಕೋರ್ಟ್ ಅದನ್ನ ರದ್ದು ಮಾಡ್ತು. ಆಮೇಲೆ ಅವನು ಗಾಳಿಯ ಹಿಂದೆ ಬಿದ್ದ, ವಿಂಡ್ ಟನಲ್ ಕಟ್ಟಿಸಿದ. 1923ರ ಡಿಸೆಂಬರ್ 27ರಂದು, 91ನೇ ವಯಸ್ಸಲ್ಲಿ ತೀರಿಕೊಂಡ.

ಅವನ ಇನ್ನೊಂದು ಕೆಲಸಕ್ಕೆ ಈ ಅದೃಷ್ಟ ಇರಲಿಲ್ಲ. ನ್ಯೂಯಾರ್ಕಿನ ಸ್ಟ್ಯಾಚ್ಯೂ ಆಫ್ ಲಿಬರ್ಟಿಯ ಒಳಗಿನ ಕಬ್ಬಿಣದ ಅಸ್ಥಿಪಂಜರ ಐಫೆಲ್ ಕಂಪನಿಯದ್ದು. ಮೇಲಿನ ಚರ್ಮ ತಾಮ್ರ. ಎರಡು ಲೋಹ ಮುಟ್ಟಿ ನೀರೂ ಸೇರಿದ್ರೆ ಅದು ಒಂದು ಬ್ಯಾಟರಿ, ಕರಗೋದು ಕಬ್ಬಿಣ. ಅದಕ್ಕೇ ನಡುವೆ ಅರಗಲ್ಲಿ ಅದ್ದಿದ ಆಸ್ಬೆಸ್ಟಾಸ್ ಬಟ್ಟೆ ಇಟ್ಟಿದ್ರು. ಕೆಮಿಸ್ಟ್ರಿ ಸರಿಯೇ ಇತ್ತು. ಆದ್ರೆ ಟವರ್‌ನ ಕಂಬಿಗಳು ಬಯಲಲ್ಲಿವೆ, ಗಾಳಿ ಆಡುತ್ತೆ, ಕೈಗೆ ಸಿಗುತ್ತವೆ. ಇಲ್ಲಿ ಕಬ್ಬಿಣದ ಪಟ್ಟಿಗಳು ತಾಮ್ರಕ್ಕೆ ಅಂಟಿಕೊಂಡೇ ಇದ್ದವು, ನಡುವೆ ಬ್ರಷ್ ಹೋಗಲ್ಲ. ಬಟ್ಟೆ ಸವೆದುಹೋಯ್ತು, ನೀರು ಇಳೀತು, ತುಕ್ಕು ಊದಿ ರಿವೆಟ್‌ಗಳನ್ನೇ ಕಿತ್ತುಹಾಕ್ತು. 1986ರ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಪಟ್ಟಿಗಳನ್ನ ಬಿಚ್ಚಿ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ಹಾಕಿದ್ರು. ತಾಮ್ರಕ್ಕೂ ಅದಕ್ಕೂ ನಡುವೆ ಈಗ ಬಟ್ಟೆ ಬದಲು ಟೆಫ್ಲಾನ್ ಇದೆ.